ಕಡಲಿನ ಸದ್ದು, ಕಡಲಿನ ಸುದ್ದಿ

ಎರಡನೆಯ ಮಹಾಯುದ್ಧದ ಕಾಲದಲ್ಲಿ ರೇಡಾರಿನ ಮುಂದೆ ಕುಳಿತವರಿಗೆ ಕಡಲೆಂದರೆ ಒಂದು ಪೀಡೆ. ಅವರು ಹುಡುಕುತ್ತಿದ್ದುದು ಶತ್ರುವಿನ ಹಡಗನ್ನು; ಪರದೆಯ ಮೇಲೆ ತುಂಬಿಕೊಳ್ಳುತ್ತಿದ್ದುದು ಅಲೆಗಳಿಗೆ ಬಡಿದು ಮರಳಿದ ರೇಡಿಯೋ ಪ್ರತಿಧ್ವನಿ. ಅವರ ಪಾಲಿಗೆ ಅದು ಬರೀ ಕಸ.

ಆ ಕಸವನ್ನು ತಾಳ್ಮೆಯಿಂದ ಕೆದಕಿ ನೋಡಿದವರು ನ್ಯೂಜಿಲೆಂಡಿನ ಡಿ. ಡಿ. ಕ್ರೊಂಬಿ. ಅವರ ಪುಟ್ಟ ಲೇಖನ 1955ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ನಮ್ಮತ್ತ ಬರುವ ರೈಲಿನ ಸಿಳ್ಳು ಏರಿ ಕೇಳುತ್ತದೆ, ದಾಟಿ ಹೋದೊಡನೆ ಇಳಿಯುತ್ತದೆ. ನಗರವಾಸಿಗಳಾದ ನಮಗೆ ಇದನ್ನು ಬೇರೆ ವಿವರಿಸಬೇಕಿಲ್ಲ. ಕ್ರೊಂಬಿಯವರು ಕಳಿಸಿದ ರೇಡಿಯೋ ತರಂಗದ ಉದ್ದ ಸುಮಾರು 22 ಮೀಟರ್. ಮರಳಿದ ಸದ್ದು ಸೆಕೆಂಡಿಗೆ ಸುಮಾರು 0.38 ಆವರ್ತದಷ್ಟು ಸರಿದಿತ್ತು. ಲೆಕ್ಕ ಹಾಕಿದರೆ ಅದು 11 ಮೀಟರ್ ಉದ್ದದ, ಅಂದರೆ ರೇಡಿಯೋ ತರಂಗದ ಅರ್ಧದಷ್ಟಿರುವ, ಕಡಲ ಅಲೆಯ ವೇಗಕ್ಕೆ ಸರಿಹೊಂದಿತು. ಅಷ್ಟುದ್ದದ ಅಲೆಗಳ ಪ್ರತಿಧ್ವನಿಗಳು ಮಾತ್ರ ಹೆಜ್ಜೆಗೆ ಹೆಜ್ಜೆ ಕೂಡಿ ಬಲಗೊಳ್ಳುತ್ತವೆ.

ನಿಂತ ನೀರಿನಲ್ಲಿ ಆ ಅಲೆಯ ವೇಗ ಎಷ್ಟೆಂದು ಮೊದಲೇ ಗೊತ್ತು. ಅದಕ್ಕಿಂತ ಹೆಚ್ಚು ಕಡಿಮೆ ಕಂಡರೆ ಆ ವ್ಯತ್ಯಾಸವೇ ಮೇಲ್ಮೈ ನೀರಿನ ಹರಿವು. ಸ್ಟೂವರ್ಟ್ ಮತ್ತು ಜಾಯ್ 1974ರಲ್ಲಿ ಇದನ್ನು ತೋರಿಸಿದರು. 1977ರಲ್ಲಿ ಅಮೆರಿಕದ ಬ್ಯಾರಿಕ್ ಮತ್ತು ಸಂಗಡಿಗರು ಹರಿವಿನ ನಕ್ಷೆಯನ್ನೇ ಪ್ರಕಟಿಸಿದರು. ಒಂದು ರೇಡಾರಿಗೆ ತನ್ನತ್ತ ಬರುವ ಮತ್ತು ತನ್ನಿಂದ ಸರಿಯುವ ಚಲನೆಯಷ್ಟೇ ಕಾಣುವುದರಿಂದ ದಡದ ಎರಡು ಕಡೆ ಎರಡು ಬೇಕಾಗುತ್ತವೆ.

ಕಷ್ಟವಿರುವುದು ಇಲ್ಲಿಂದ ಮುಂದೆ. ಸೆಕೆಂಡಿಗೆ 10 ಸೆಂಟಿಮೀಟರ್ ಹರಿವು ಆ ಸದ್ದನ್ನು ಸರಿಸುವುದು 0.01 ಆವರ್ತಕ್ಕೂ ಕಡಿಮೆ. ಇಷ್ಟು ಸಣ್ಣ ವ್ಯತ್ಯಾಸ ತಿಳಿಯಲು ನಿಮಿಷಗಟ್ಟಲೆ ಕಿವಿಗೊಡಬೇಕು. ಅಷ್ಟರಲ್ಲಿ ಸಿಡಿಲು, ಹಾದುಹೋಗುವ ಹಡಗು, ದೂರದ ಬಾನುಲಿ ಕೇಂದ್ರ ಎಲ್ಲವೂ ನಡುವೆ ಬಾಯಿ ಹಾಕುತ್ತವೆ. ಕೆಳಗಿನ ಆವರ್ತಗಳಲ್ಲಿ ರಾತ್ರಿಯಾದರೆ ಮೇಲಿನ ಅಯಾನುಗೋಳ ಎಲ್ಲಿಯದೋ ಸದ್ದನ್ನು ತಂದು ಸುರಿಯುತ್ತದೆ. ಹಲವು ಅಳತೆಗಳ ಸರಾಸರಿ ತೆಗೆಯುವುದು, ಕ್ಷೀಣವಾದದ್ದನ್ನು ಬಿಡುವುದು, ಅಕ್ಕಪಕ್ಕದ ಅಳತೆಗೆ ಹೊಂದದ್ದನ್ನು ಹೊರಗಿಡುವುದು ರೂಢಿ. ಆದರೆ ಜರಡಿಯ ಕಣ್ಣು ಎಷ್ಟಿರಬೇಕು? ರೇಡಾರಿನಿಂದ ಸುನಾಮಿಯ ಮುನ್ಸೂಚನೆ ಪಡೆಯಬಹುದೆಂದು ಬ್ಯಾರಿಕ್ 1979ರಲ್ಲೇ ಬರೆದಿದ್ದರು. 2011ರ ಜಪಾನಿನ ಸುನಾಮಿ ಎರಡು ಖಂಡಗಳ ರೇಡಾರುಗಳಲ್ಲಿ ಕಾಣಿಸಿಕೊಂಡಿತು. ಅಂಥ ನೀರು ನಿಮಿಷಗಳಲ್ಲಿ ದಿಕ್ಕು ಬದಲಿಸುತ್ತದೆ. ಗಂಟೆಯ ಸರಾಸರಿಯಲ್ಲಿ ಅದು ಕರಗಿಯೇ ಹೋದೀತು. ಅತಿಯಾದ ಶುದ್ಧಿಯ ಚಟ ಇಲ್ಲಿ ಅಪಾಯಕರವೆಂದೇ ನಮ್ಮ ಎಣಿಕೆ.

ನಮ್ಮ ದೇಶದಲ್ಲಿ 2004ರ ಸುನಾಮಿಯ ನಂತರದ ವರ್ಷಗಳಲ್ಲಿ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಗುಜರಾತ್, ತಮಿಳುನಾಡು, ಆಂಧ್ರ, ಒಡಿಶಾ, ಅಂಡಮಾನ್ ತೀರಗಳಲ್ಲಿ ಇಂಥ ರೇಡಾರುಗಳನ್ನು ಜೋಡಿ ಜೋಡಿಯಾಗಿ ನಿಲ್ಲಿಸಿತು. ಅಳತೆಗಳು ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರಕ್ಕೆ ಸೇರುವ ಏರ್ಪಾಡಾಯಿತು. ಕಡಲ ಕರೆಯಿಂದ ಬಂದ ನಮ್ಮ ಮನೆಗಳವರಿಗೆ ಇದರ ಬೆಲೆ ಬೇಗ ತಿಳಿದೀತು. ಎಂಜಿನ್ ಕೆಟ್ಟ ದೋಣಿಯನ್ನು ಹುಡುಕಲು ಹೊರಟವರು ಹರಿವನ್ನು ಸೆಕೆಂಡಿಗೆ ಬರೀ 10 ಸೆಂಟಿಮೀಟರ್ ತಪ್ಪಾಗಿ ತಿಳಿದರೂ, ಒಂದು ಹಗಲು ಒಂದು ರಾತ್ರಿ ಕಳೆಯುವಷ್ಟರಲ್ಲಿ ಎಂಟೂವರೆ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ಹುಡುಕುತ್ತಿರುತ್ತಾರೆ.