ಸೇವ್ ಆಯಿತೇ, ಇಲ್ಲವೇ? ಆಟೋಕಮಿಟ್ ಪರೀಕ್ಷೆಗೆ ಎರಡನೇ ಕನೆಕ್ಷನ್ ಏಕೆ ಬೇಕು?

ಒಂದು ಖಾತೆಯಿಂದ 500 ರೂಪಾಯಿ ಕಳೆಯಬೇಕು, ಇನ್ನೊಂದು ಖಾತೆಗೆ ಸೇರಿಸಬೇಕು. ನಮಗೆ ಇದು ಒಂದೇ ಕೆಲಸ, ಡೇಟಾಬೇಸ್‌ಗೆ ಎರಡು ಪ್ರತ್ಯೇಕ ಆದೇಶ. ಮೊದಲನೆಯದು ಮುಗಿದು ಎರಡನೆಯದು ಶುರುವಾಗುವ ಮುನ್ನ ಸರ್ವರ್ ಕೈಕೊಟ್ಟರೆ? ಆಟೋಕಮಿಟ್ ಆನ್ ಆಗಿದ್ದರೆ ಹಣ ಕಡಿತವಾಗಿರುತ್ತದೆ, ಯಾರಿಗೂ ಜಮಾ ಆಗಿರುವುದಿಲ್ಲ. ಆಫ್ ಆಗಿದ್ದರೆ ಕಡಿತವೂ ರದ್ದಾಗಿ, ಹಣ ಇದ್ದಲ್ಲೇ ಉಳಿಯುತ್ತದೆ.

ಇದಕ್ಕೆ ತದ್ವಿರುದ್ಧವಾದ ಎಡವಟ್ಟೂ ಇದೆ. ಆಟೋಕಮಿಟ್ ಆಫ್ ಆಗಿದೆ, ಕೋಡ್ ಬರೆದವರು ಕಮಿಟ್ ಕೊಡಲು ಮರೆತಿದ್ದಾರೆ. ಪರದೆಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಕನೆಕ್ಷನ್ ಕಡಿದ ಕೂಡಲೇ ಡೇಟಾ ಮಾಯ.

ಆಟೋಕಮಿಟ್ ಎಂದರೆ ಪ್ರತಿ ಆದೇಶವೂ ತನ್ನಷ್ಟಕ್ಕೆ ಒಂದು ಟ್ರಾನ್ಸಾಕ್ಷನ್. ಯಶಸ್ವಿಯಾದ ತಕ್ಷಣ ಅದು ಕಾಯಂ. ಇದು ಆನ್ ಇದೆಯೋ ಇಲ್ಲವೋ ಎಂಬುದನ್ನು ಡೇಟಾ ಬರೆದ ಕನೆಕ್ಷನ್‌ನಿಂದಲೇ ನೋಡಿದರೆ ಗೊತ್ತಾಗುವುದಿಲ್ಲ. ಏಕೆಂದರೆ ಯಾವುದೇ ಕನೆಕ್ಷನ್‌ಗೆ ತಾನು ಮಾಡಿದ ಬದಲಾವಣೆ ಕಮಿಟ್‌ಗೆ ಮುಂಚೆಯೇ ಕಾಣುತ್ತದೆ. ಸಾಕ್ಷಿ ಹೊರಗಿನಿಂದಲೇ ಬರಬೇಕು.

ಪರೀಕ್ಷೆ ಹೇಗೆ?

ಎರಡು ಟರ್ಮಿನಲ್ ತೆರೆಯಿರಿ. ಒಂದನ್ನು 'ಎ', ಇನ್ನೊಂದನ್ನು 'ಬಿ' ಎನ್ನೋಣ. 'ಎ'ಯಲ್ಲಿ ಒಂದು ಸಾಲು ಇನ್ಸರ್ಟ್ ಮಾಡಿ, 'ಬಿ'ಯಲ್ಲಿ ಸೆಲೆಕ್ಟ್ ಕೊಡಿ. ಸಾಲು ಕಂಡರೆ ಆಟೋಕಮಿಟ್ ಆನ್. ಕಾಣದಿದ್ದರೆ 'ಎ'ಯಲ್ಲಿ ಕಮಿಟ್ ಕೊಟ್ಟು ಮತ್ತೆ ನೋಡಿ, ಈಗ ಕಾಣಬೇಕು. ಇಷ್ಟಕ್ಕೇ ನಿಲ್ಲಿಸಬೇಡಿ. ಇನ್ನೊಂದು ಸಾಲು ಸೇರಿಸಿ ರೋಲ್‌ಬ್ಯಾಕ್ ಕೊಡಿ. ಮತ್ತೊಂದು ಸಾಲು ಸೇರಿಸಿ ಕಮಿಟ್ ಮಾಡದೆ 'ಎ'ಯ ಪ್ರೋಗ್ರಾಂ ಅನ್ನೇ ಬಲವಂತವಾಗಿ ಮುಚ್ಚಿ. ಆಟೋಕಮಿಟ್ ಆಫ್ ಇದ್ದಲ್ಲಿ ಎರಡೂ ಸಲ ಸಾಲು ಉಳಿಯಬಾರದು. ಆನ್ ಇದ್ದಲ್ಲಿ ಎರಡೂ ಉಳಿಯುತ್ತವೆ, ರೋಲ್‌ಬ್ಯಾಕ್ ಏನನ್ನೂ ಮಾಡುವುದಿಲ್ಲ.

ಡಿಫಾಲ್ಟ್ ಏನಿರುತ್ತದೆ ಎಂಬುದು ಡೇಟಾಬೇಸ್ ಜೊತೆಗೆ ಡ್ರೈವರ್ ಅನ್ನೂ ಅವಲಂಬಿಸಿದೆ. ಹೆಚ್ಚಿನವರು ಎಡವುವುದು ಇಲ್ಲೇ. ಮೈಎಸ್‌ಕ್ಯುಎಲ್‌ನಲ್ಲಿ ಆಟೋಕಮಿಟ್ ಆನ್. ಒರಾಕಲ್‌ನ ಎಸ್‌ಕ್ಯುಎಲ್ ಪ್ಲಸ್‌ನಲ್ಲಿ ಆಫ್, ಆದರೆ ಎಕ್ಸಿಟ್ ಎಂದು ಟೈಪಿಸಿ ಹೊರಬಂದರೆ ಅದೇ ಕಮಿಟ್ ಮಾಡಿಬಿಡುತ್ತದೆ! ಜಾವಾದ ಜೆಡಿಬಿಸಿಯಲ್ಲಿ ಹೊಸ ಕನೆಕ್ಷನ್ ಆಟೋಕಮಿಟ್ ಆನ್ ಆಗಿಯೇ ಬರುತ್ತದೆ. ಪೈಥಾನ್‌ನ ಡೇಟಾಬೇಸ್ ನಿಯಮಾವಳಿಯಾದ ಪೆಪ್ 249 ಮಾತ್ರ ಆರಂಭದಲ್ಲಿ ಆಫ್ ಇರಬೇಕು ಎನ್ನುತ್ತದೆ. ಹಾಗಾಗಿ ಒಂದೇ ಪೋಸ್ಟ್‌ಗ್ರೆಸ್ ಸರ್ವರ್‌ಗೆ ಜಾವಾದಿಂದ ಬರೆದದ್ದು ಉಳಿದು, ಪೈಥಾನ್‌ನಿಂದ ಬರೆದದ್ದು ಅಳಿಯಬಹುದು. ಪೋಸ್ಟ್‌ಗ್ರೆಸ್ ತಂಡ 7.3 ಆವೃತ್ತಿಯಲ್ಲಿ ಆಟೋಕಮಿಟ್ ಆಯ್ಕೆಯನ್ನು ಸರ್ವರ್‌ನಲ್ಲೇ ಕೊಟ್ಟು, 7.4ರಲ್ಲಿ ಹಿಂತೆಗೆದುಕೊಂಡಿತು. ಆ ಹೊಣೆ ಈಗ ಕ್ಲೈಂಟ್ ಕಡೆಯದು.

ಈ ಸೆಟ್ಟಿಂಗ್ ಕನೆಕ್ಷನ್‌ಗೆ ಸೀಮಿತ ಎಂಬುದೂ ನೆನಪಿರಲಿ. 'ಎ'ಯಲ್ಲಿ ಆಫ್ ಮಾಡಿದರೆ 'ಬಿ'ಗೆ ಅದರ ಸುಳಿವೂ ಇರುವುದಿಲ್ಲ.

ಸಾಕ್ಷಿಯೇ ತಪ್ಪು ಹೇಳಿದರೆ?

'ಬಿ' ಹೇಳಿದ್ದೆಲ್ಲ ನಿಜ ಎಂದುಕೊಳ್ಳುವಂತಿಲ್ಲ. ಮೈಎಸ್‌ಕ್ಯುಎಲ್‌ನ ಇನ್ನೊಡಿಬಿಯಲ್ಲಿ ಡಿಫಾಲ್ಟ್ ಐಸೊಲೇಷನ್ ಮಟ್ಟ 'ರಿಪೀಟಬಲ್ ರೀಡ್'. 'ಬಿ'ಯಲ್ಲೂ ಆಟೋಕಮಿಟ್ ಆಫ್ ಇದ್ದು, ಅದು ಮೊದಲೇ ಒಮ್ಮೆ ಸೆಲೆಕ್ಟ್ ಮಾಡಿದ್ದರೆ, ಆ ಕ್ಷಣದ ಚಿತ್ರವೇ ಅದರ ಪಾಲಿಗೆ ಸ್ಥಿರ. 'ಎ' ಎಷ್ಟು ಸಲ ಕಮಿಟ್ ಮಾಡಿದರೂ 'ಬಿ' ಹಳೆಯದನ್ನೇ ತೋರಿಸುತ್ತದೆ. ಕಮಿಟ್ ಕೆಲಸ ಮಾಡುತ್ತಿಲ್ಲ ಎಂದು ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುವವರಲ್ಲಿ ಹಲವರ ಸಮಸ್ಯೆ ಇದೇ. ಪ್ರತಿ ಸಲ ನೋಡುವ ಮುನ್ನ 'ಬಿ'ಯಲ್ಲೂ ಕಮಿಟ್ ಅಥವಾ ರೋಲ್‌ಬ್ಯಾಕ್ ಕೊಟ್ಟರೆ ಸರಿಹೋಗುತ್ತದೆ. ಪೋಸ್ಟ್‌ಗ್ರೆಸ್ ಮತ್ತು ಒರಾಕಲ್‌ನಲ್ಲಿ ಡಿಫಾಲ್ಟ್ 'ರೀಡ್ ಕಮಿಟೆಡ್' ಆದ್ದರಿಂದ ಈ ತೊಡಕಿಲ್ಲ.

ಮೈಕ್ರೋಸಾಫ್ಟ್ ಎಸ್‌ಕ್ಯುಎಲ್ ಸರ್ವರ್‌ನ ಸಾಮಾನ್ಯ ಇನ್‌ಸ್ಟಾಲೇಷನ್‌ನಲ್ಲಿ ಇನ್ನೊಂದು ವಿಚಿತ್ರ: 'ಬಿ'ಯ ಸೆಲೆಕ್ಟ್ ಉತ್ತರ ಕೊಡದೆ ಸುಮ್ಮನೆ ನಿಂತುಬಿಡಬಹುದು. ಅದು ಹ್ಯಾಂಗ್ ಆಗಿಲ್ಲ, 'ಎ' ಹಿಡಿದಿರುವ ಲಾಕ್‌ಗಾಗಿ ಕಾಯುತ್ತಿದೆ. ಕಾಯಲಾಗದೆ 'ನೋಲಾಕ್' ಹಾಕಿದರೆ ಕಮಿಟ್ ಆಗದ ಡೇಟಾವೂ ಕಂಡು ಪರೀಕ್ಷೆಯೇ ವ್ಯರ್ಥ.

ಟೇಬಲ್ ಯಾವ ಬಗೆಯದು ಎಂದೂ ನೋಡಿ. ಮೈಎಸ್‌ಕ್ಯುಎಲ್ 5.5ಕ್ಕೆ ಮೊದಲು ಡಿಫಾಲ್ಟ್ ಆಗಿದ್ದ ಮೈಐಸ್ಯಾಮ್ ಟೇಬಲ್‌ಗಳಿಗೆ ಟ್ರಾನ್ಸಾಕ್ಷನ್ ಎಂಬುದೇ ಇಲ್ಲ. ಆಟೋಕಮಿಟ್ ಆಫ್ ಮಾಡಿದರೂ ಬರೆದದ್ದು ಬರೆದಂತೆಯೇ. ಇನ್ನು, ಪರೀಕ್ಷೆಯ ನಡುವೆ ಕ್ರಿಯೇಟ್ ಟೇಬಲ್ ಕೊಟ್ಟರೆ ಮೈಎಸ್‌ಕ್ಯುಎಲ್ ಮತ್ತು ಒರಾಕಲ್ ಅಲ್ಲಿಯವರೆಗಿನ ಎಲ್ಲವನ್ನೂ ಕೇಳದೆಯೇ ಕಮಿಟ್ ಮಾಡುತ್ತವೆ. ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್ ಸೃಷ್ಟಿಯನ್ನೂ ರೋಲ್‌ಬ್ಯಾಕ್ ಮಾಡಬಹುದು.

ಕೋಡ್ ಮೂಲಕ ಪರೀಕ್ಷಿಸುವಾಗ

ಪರೀಕ್ಷೆಯನ್ನು ಪ್ರೋಗ್ರಾಂ ಆಗಿ ಬರೆದರೆ ಕನೆಕ್ಷನ್ ಪೂಲ್ ಕಣ್ಣುಮುಚ್ಚಾಲೆ ಆಡುತ್ತದೆ. 'ಎ'ಯನ್ನು ಕ್ಲೋಸ್ ಮಾಡಿ 'ಬಿ' ಕೇಳಿದರೆ, ಪೂಲ್ ಅದೇ ಹಳೆಯ ಕನೆಕ್ಷನ್ ಅನ್ನೇ ಮರಳಿ ಕೈಗಿಡಬಹುದು. ಎರಡನ್ನೂ ಒಟ್ಟಿಗೆ ತೆರೆದಿಟ್ಟು, ಸರ್ವರ್ ಕೊಟ್ಟ ಸಂಖ್ಯೆಗಳನ್ನು ಹೋಲಿಸುವುದು ಜಾಣತನ. ಮೈಎಸ್‌ಕ್ಯುಎಲ್‌ನಲ್ಲಿ 'ಕನೆಕ್ಷನ್ ಐಡಿ', ಪೋಸ್ಟ್‌ಗ್ರೆಸ್‌ನಲ್ಲಿ 'ಪಿಜಿ ಬ್ಯಾಕೆಂಡ್ ಪಿಐಡಿ' ಎಂಬ ಫಂಕ್ಷನ್ ಈ ಸಂಖ್ಯೆ ಕೊಡುತ್ತದೆ.

ಎಸ್‌ಕ್ಯುಲೈಟ್‌ನ ಮೆಮೊರಿ ಡೇಟಾಬೇಸ್‌ನಲ್ಲಿ ಈ ಪರೀಕ್ಷೆ ಸಾಮಾನ್ಯ ರೀತಿಯಲ್ಲಿ ನಡೆಯುವುದಿಲ್ಲ. ಅಲ್ಲಿ ಪ್ರತಿ ಕನೆಕ್ಷನ್‌ಗೂ ಬೇರೆಯದೇ ಡೇಟಾಬೇಸ್. 'ಬಿ'ಗೆ ಟೇಬಲ್ಲೇ ಸಿಗುವುದಿಲ್ಲ. ಜಾಂಗೋದ 'ಟೆಸ್ಟ್‌ಕೇಸ್' ಪ್ರತಿ ಟೆಸ್ಟನ್ನೂ ಟ್ರಾನ್ಸಾಕ್ಷನ್‌ನೊಳಗೆ ಸುತ್ತಿ ಕೊನೆಗೆ ರೋಲ್‌ಬ್ಯಾಕ್ ಮಾಡುವುದರಿಂದ, ನಿಜವಾದ ಕಮಿಟ್ ನೋಡಲು 'ಟ್ರಾನ್ಸಾಕ್ಷನ್‌ಟೆಸ್ಟ್‌ಕೇಸ್' ಬಳಸಬೇಕು. ಜೆಡಿಬಿಸಿಯಲ್ಲಂತೂ ಟ್ರಾನ್ಸಾಕ್ಷನ್ ಅರ್ಧದಲ್ಲಿರುವಾಗ ಆಟೋಕಮಿಟ್ ಅನ್ನು ಮತ್ತೆ ಆನ್ ಮಾಡಿದರೆ, ಆ ಒಂದು ಕರೆಯೇ ಬಾಕಿ ಇರುವುದನ್ನೆಲ್ಲ ಕಮಿಟ್ ಮಾಡುತ್ತದೆ. ಟೆಸ್ಟ್ ಮುಗಿಸುವಾಗ ಮೊದಲು ರೋಲ್‌ಬ್ಯಾಕ್, ಆಮೇಲೆ ಆಟೋಕಮಿಟ್ ಆನ್. ಈ ಕ್ರಮ ತಪ್ಪಬಾರದು.

ಕೆಲಸವಾದ ಮೇಲೆ 'ಬಿ'ಯನ್ನು ಮುಚ್ಚುವುದನ್ನು ಮರೆಯಬೇಡಿ. ಪೋಸ್ಟ್‌ಗ್ರೆಸ್‌ನಲ್ಲಿ ಬರೀ ಸೆಲೆಕ್ಟ್ ಮಾಡಿ, ಟ್ರಾನ್ಸಾಕ್ಷನ್ ಮುಗಿಸದೆ ಬಿಟ್ಟ ಕನೆಕ್ಷನ್ 'ಐಡಲ್ ಇನ್ ಟ್ರಾನ್ಸಾಕ್ಷನ್' ಎಂಬ ಸ್ಥಿತಿಯಲ್ಲಿ ಉಳಿಯುತ್ತದೆ. ಆಮೇಲೆ ಬೇರೆ ಯಾರಾದರೂ ಅದೇ ಟೇಬಲ್ ಅನ್ನು ಡ್ರಾಪ್ ಅಥವಾ ಟ್ರಂಕೇಟ್ ಮಾಡಹೊರಟರೆ, 'ಬಿ' ಬಿಡುಗಡೆಯಾಗುವವರೆಗೆ ಅವರು ಕಾಯುತ್ತಲೇ ಇರಬೇಕಾಗುತ್ತದೆ.