ವಾಹನ ಅಪಘಾತದಲ್ಲಿ ಮನೆಯವರನ್ನು ಕಳೆದುಕೊಂಡರೆ: ಪರಿಹಾರದ ಅರ್ಜಿ ಯಾರು, ಎಲ್ಲಿ, ಯಾವಾಗ ಹಾಕಬೇಕು?

ತಲಪ್ಪಾಡಿಯಿಂದ ಕಾಸರಗೋಡಿನ ವರೆಗಿನ ಹೆದ್ದಾರಿಯಲ್ಲಿ ಅಪಘಾತ ನಡೆದರೆ ಅರ್ಧ ಗಂಟೆಯೊಳಗೆ ವಾಟ್ಸ್ಆ್ಯಪ್‌ನಲ್ಲಿ ಸುದ್ದಿ ಬರುತ್ತದೆ. ಮರುದಿನ ಮೃತರ ಹೆಸರು, ಊರು, ‘ಪತ್ನಿ ಹಾಗೂ ಇಬ್ಬರು ಮಕ್ಕಳನ್ನು ಅಗಲಿದ್ದಾರೆ’ ಎಂಬ ಸಾಲು. ಆ ಪತ್ನಿ, ಮಕ್ಕಳು, ತಾಯಿ ಆರು ತಿಂಗಳ ನಂತರ ಹೇಗಿದ್ದಾರೆ ಎಂಬುದು ಸುದ್ದಿಯಾಗುವುದಿಲ್ಲ. ದುಡಿಯುವ ಒಬ್ಬನೇ ಹೋದ ಮನೆಗೆ ಕಾನೂನು ಕೊಡುವ ದೊಡ್ಡ ಆಸರೆ ವಾಹನ ವಿಮೆಯ ಪರಿಹಾರ. ಆದರೆ ಅದು ತಾನಾಗಿ ಮನೆ ಬಾಗಿಲಿಗೆ ಬರುವುದು ಕಡಿಮೆ. ಕೇಳಬೇಕು, ಸರಿಯಾಗಿ ಕೇಳಬೇಕು, ಸಮಯಕ್ಕೆ ಕೇಳಬೇಕು.

ಕೇಳಲು ಹಿಂಜರಿಕೆ ಯಾಕೆ?

ನಮ್ಮಲ್ಲಿ ಎರಡು ಮಾತು ಮತ್ತೆ ಮತ್ತೆ ಕೇಳಿ ಬರುತ್ತದೆ. ಒಂದು, ‘ಅಲ್ಲಾಹನ ವಿಧಿ, ಇನ್ನು ದುಡ್ಡು ಕೇಳಿ ಏನು ಮಾಡ್ಲಿಕ್ಕುಂಟು?’ ಇನ್ನೊಂದು, ‘ಗಾಡಿ ಓಡಿಸಿದವನು ನಮ್ಮ ಜಮಾಅತಿನ ಹುಡುಗನೇ, ಅವನ ಮನೆಯೂ ಕಷ್ಟದಲ್ಲಿದೆ, ಕೇಸು ಬೇಡ.’ ಎರಡನೆಯದ್ದರಲ್ಲಿ ಮರುಕ ಇದೆ, ಅದು ಒಳ್ಳೆಯದೇ. ಆದರೆ ತಿಳಿವಳಿಕೆ ತಪ್ಪಿದೆ. ವಾಹನಕ್ಕೆ ಚಾಲ್ತಿಯಲ್ಲಿರುವ ವಿಮೆ ಇದ್ದರೆ ಸಾಮಾನ್ಯವಾಗಿ ಪರಿಹಾರ ಕೊಡುವುದು ವಿಮೆ ಕಂಪೆನಿ. ಆ ಹುಡುಗ ವರ್ಷ ವರ್ಷ ಪ್ರೀಮಿಯಂ ಕಟ್ಟಿದ್ದು ಇದಕ್ಕೇ. ಅವನ ಮೇಲಿನ ಕ್ರಿಮಿನಲ್ ಕೇಸು ಬೇರೆ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ (ಎಂಎಸಿಟಿ) ಮುಂದಿನ ಅರ್ಜಿ ಬೇರೆ. ಕ್ರಿಮಿನಲ್ ಕೇಸಿನಲ್ಲಿ ಅವನು ಖುಲಾಸೆಯಾದರೂ ಪರಿಹಾರದ ಅರ್ಜಿ ಅಷ್ಟಕ್ಕೇ ಬಿದ್ದು ಹೋಗುವುದಿಲ್ಲ. ಹಾಗಾಗಿ ಊರಿನ ಹಿರಿಯರು ಕೂತು ಒಂದು ಲಕ್ಷ, ಎರಡು ಲಕ್ಷಕ್ಕೆ ‘ಮಾತು ಮುಗಿಸುವ’ ಮೊದಲು ಮಕ್ಕಳ ಹಕ್ಕು ಎಷ್ಟು ಎಂದು ಒಮ್ಮೆ ಲೆಕ್ಕ ಹಾಕಿ ನೋಡಲಿ. ಲೆಕ್ಕ ಕೆಳಗೆ ಇದೆ.

ಮೊದಲ ದಿನದ ಎರಡು ತಪ್ಪುಗಳು

ದಫನಕ್ಕೆ ಅವಸರ ಇರುವುದು ಸಹಜ. ಅದಕ್ಕಾಗಿ ಮರಣೋತ್ತರ ಪರೀಕ್ಷೆ ಬೇಡ ಎಂದು ಆಸ್ಪತ್ರೆಯಲ್ಲಿ, ಠಾಣೆಯಲ್ಲಿ ಒತ್ತಾಯ ಮಾಡುವುದುಂಟು. ದಯವಿಟ್ಟು ಮಾಡಬೇಡಿ. ಸಾವು ಅಪಘಾತದಿಂದಲೇ ಆದದ್ದು ಎಂದು ತೋರಿಸುವ ಮುಖ್ಯ ಕಾಗದ ಅದು. ಅಪಘಾತವಾಗಿ ತಿಂಗಳುಗಟ್ಟಲೆ ಮಲಗಿದ್ದು ಮನೆಯಲ್ಲೇ ತೀರಿಕೊಂಡವರ ವಿಷಯದಲ್ಲಿ ಇದು ಇನ್ನೂ ಮುಖ್ಯ. ಅಲ್ಲಿ ಪೊಲೀಸರಿಗೆ ತಿಳಿಸದೆ ಮಯ್ಯತ್ ದಫನ ಮಾಡಿದರೆ ‘ಸತ್ತದ್ದು ಬೇರೆ ಕಾಯಿಲೆಯಿಂದ’ ಎಂದು ವಾದಿಸಲು ವಿಮೆ ಕಂಪೆನಿಗೆ ನಾವೇ ದಾರಿ ಮಾಡಿಕೊಟ್ಟಂತೆ. ಸೌಕರ್ಯ ಇರುವ ಆಸ್ಪತ್ರೆಗಳಲ್ಲಿ ಸೂರ್ಯಾಸ್ತದ ನಂತರವೂ ಮರಣೋತ್ತರ ಪರೀಕ್ಷೆ ಮಾಡಬಹುದು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2021ರ ನವೆಂಬರ್‌ನಲ್ಲೇ ಹೇಳಿದೆ. ಬೇಡ ಎನ್ನುವ ಬದಲು ಬೇಗ ಮಾಡಿಸಲು ಓಡಾಡಿ.

ಎರಡನೆಯದ್ದು ಹೇಳಿಕೆ. ಠಾಣೆಯಲ್ಲಿ ಮೊದಲ ಹೇಳಿಕೆ ಕೊಡುವವರು ಹೆಚ್ಚಾಗಿ ಗಾಬರಿಯಲ್ಲಿರುವ ಬಂಧುಗಳು. ನಮ್ಮ ಕಡೆ ಅದು ಮಲಯಾಳದಲ್ಲಿ ದಾಖಲಾಗುತ್ತದೆ. ಮಲಯಾಳ ಮಾತಾಡಲು ಬಂದರೂ ಓದಲು ಬಾರದವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಓದಿಸಿ ಕೇಳಿದ ಮೇಲೆಯೇ ಸಹಿ ಹಾಕಿ. ವಾಹನದ ನಂಬರ್, ಸಮಯ, ಯಾವ ಬದಿಯಿಂದ ಬಂತು ಎಂಬುದರಲ್ಲಿ ಒಂದು ಅಕ್ಷರ ತಪ್ಪಿದರೂ ಮುಂದೆ ಕೋರ್ಟಿನಲ್ಲಿ ಅದನ್ನೇ ಎಳೆಯುತ್ತಾರೆ.

ಅಪಘಾತ ಉಪ್ಪಳದಲ್ಲಿ, ಮರಣ ಮಂಗಳೂರಿನಲ್ಲಿ

ಮಂಜೇಶ್ವರ ತಾಲೂಕಿನವರಿಗೆ ಇದು ವಿಶೇಷ ತಲೆನೋವು. ಎಫ್‌ಐಆರ್ ಕೇರಳದ ಠಾಣೆಯಲ್ಲಿ, ಚಿಕಿತ್ಸೆ ಮಂಗಳೂರಿನ ಆಸ್ಪತ್ರೆಯಲ್ಲಿ. ಮರಣ ನೋಂದಣಿ ಆಗುವುದು ಮರಣ ಸಂಭವಿಸಿದ ಸ್ಥಳದಲ್ಲಿ, ಅಂದರೆ ಪ್ರಮಾಣಪತ್ರ ಮಂಗಳೂರಿನಿಂದ. ಉತ್ತರಾಧಿಕಾರಿಗಳ ಪ್ರಮಾಣಪತ್ರ ಮಾತ್ರ ನಮ್ಮ ತಾಲೂಕು ಕಚೇರಿಯಿಂದ. ಆಸ್ಪತ್ರೆಯವರು ಬರೆದುಕೊಳ್ಳುವ ಹೆಸರು ಆಧಾರ್‌ನಲ್ಲಿದ್ದಂತೆಯೇ ಇರಬೇಕು. ಶಾಲೆಯ ಕನ್ನಡ ದಾಖಲೆಯಲ್ಲಿ ‘ಮಹಮ್ಮದ್’, ರೇಶನ್ ಕಾರ್ಡಿನಲ್ಲಿ ‘ಮುಹಮ್ಮದ್’, ಪಾಸ್‌ಪೋರ್ಟಿನಲ್ಲಿ ಬಾಪನ ಹೆಸರು ಕೊನೆಯಲ್ಲಿ, ಇನ್ನೊಂದರಲ್ಲಿ ಮನೆ ಹೆಸರು ಮೊದಲಲ್ಲಿ. ಇದು ನಮ್ಮ ಮನೆಗಳ ಸಾಮಾನ್ಯ ಕಥೆ. ಎಲ್ಲವೂ ಒಬ್ಬರೇ ಎಂಬ ಪ್ರಮಾಣಪತ್ರವನ್ನು ವಿಲೇಜ್ ಆಫೀಸಿನಿಂದ ಮೊದಲೇ ಮಾಡಿಸಿಟ್ಟುಕೊಂಡರೆ ಒಳ್ಳೆಯದು.

ಅರ್ಜಿ ಎಲ್ಲಿ ಹಾಕಬೇಕು ಎಂಬ ಆಯ್ಕೆ ಕುಟುಂಬದ್ದು. ಮೋಟಾರು ವಾಹನ ಕಾಯ್ದೆ, 1988ರ ಸೆಕ್ಷನ್ 166ರ ಪ್ರಕಾರ ಅಪಘಾತ ನಡೆದ ಜಾಗದ, ಅರ್ಜಿದಾರರು ವಾಸಿಸುವ ಅಥವಾ ವ್ಯವಹಾರ ನಡೆಸುವ ಜಾಗದ, ಇಲ್ಲವೇ ಎದುರುದಾರರು ವಾಸಿಸುವ ಜಾಗದ ನ್ಯಾಯಮಂಡಳಿಗೆ ಹೋಗಬಹುದು. ತೊಕ್ಕೊಟ್ಟಿನಲ್ಲಿ ಅಪಘಾತವಾದರೂ ಕುಂಬಳೆಯಲ್ಲಿರುವ ಪತ್ನಿ ಕಾಸರಗೋಡಿನಲ್ಲೇ ಅರ್ಜಿ ಹಾಕಬಹುದು. ಬೆಂಗಳೂರಿನಲ್ಲಿ ತೀರಿಕೊಂಡರೂ ಹಾಗೆಯೇ. ಹಲವರಿಗೆ ಇದು ಗೊತ್ತಿಲ್ಲ.

ಆರು ತಿಂಗಳು ಮತ್ತು ಇದ್ದ

2019ರ ತಿದ್ದುಪಡಿಯಲ್ಲಿ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಎಂಬ ಗಡುವು ಬಂತು, 2022ರ ಏಪ್ರಿಲ್ 1ರಿಂದ ಜಾರಿಯಾಯಿತು. ಇದರ ಸಿಂಧುತ್ವ ಸುಪ್ರೀಂ ಕೋರ್ಟಿನ ಮುಂದೆ ಪ್ರಶ್ನೆಯಾಗಿದೆ. ತಡವಾಯಿತು ಎಂಬ ಒಂದೇ ಕಾರಣಕ್ಕೆ ಅರ್ಜಿ ವಜಾ ಮಾಡಬೇಡಿ ಎಂದು 2025ರ ನವೆಂಬರ್‌ನಲ್ಲಿ ಅದು ಮಧ್ಯಂತರ ಆದೇಶ ಕೊಟ್ಟಿದೆ. ಮಧ್ಯಂತರ ಆದೇಶವನ್ನು ನೆಚ್ಚಿ ಕೂರುವುದು ಬುದ್ಧಿವಂತಿಕೆ ಅಲ್ಲ, ಗಡುವು ಇದೆ ಎಂದೇ ತಿಳಿದು ನಡೆಯಿರಿ.

ನಮ್ಮ ಮನೆಗಳಲ್ಲಿ ವಿಧವೆಯ ಇದ್ದ ನಾಲ್ಕು ತಿಂಗಳು ಹತ್ತು ದಿನ. ‘ಇದ್ದ ಮುಗಿಯಲಿ, ಆಮೇಲೆ ನೋಡುವ’ ಎಂದರೆ ಉಳಿಯುವುದು ಎರಡು ತಿಂಗಳೂ ಇಲ್ಲ. ಕಾಗದ ಒಟ್ಟು ಮಾಡಲಿಕ್ಕೇ ಅಷ್ಟು ಬೇಕು. ಅರ್ಜಿ ಹಾಕಲು ಆಕೆ ಕೋರ್ಟಿಗೆ ಹೋಗಿ ನಿಲ್ಲಬೇಕೆಂದೇನೂ ಇಲ್ಲ. ವಕಾಲತ್ತಿಗೆ ಮನೆಯಲ್ಲೇ ಸಹಿ ಹಾಕಬಹುದು, ಓಡಾಟಕ್ಕೆ ತಮ್ಮನೋ ಮಾವನೋ ಸಾಕು. ಎಲ್ಲ ಉತ್ತರಾಧಿಕಾರಿಗಳ ಪರವಾಗಿ ಒಬ್ಬರು ಅರ್ಜಿ ಹಾಕಿ ಉಳಿದವರನ್ನು ಎದುರುದಾರರಾಗಿ ಸೇರಿಸಲೂ ಕಾನೂನಿನಲ್ಲಿ ಅವಕಾಶ ಉಂಟು. ಸಾಕ್ಷಿ ಹೇಳುವ ಹಂತ ಬರುವಾಗ ಇದ್ದ ಮುಗಿದು ಬಹಳ ಕಾಲ ಆಗಿರುತ್ತದೆ.

ಈಗಿನ ನಿಯಮದಂತೆ ಪೊಲೀಸರೂ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು, 90 ದಿನದೊಳಗೆ ವಿವರ ವರದಿಯನ್ನು ನ್ಯಾಯಮಂಡಳಿಗೆ ಕೊಡಬೇಕು. ಪೊಲೀಸರ ವರದಿಯನ್ನೇ ಪರಿಹಾರದ ಅರ್ಜಿ ಎಂದು ಪರಿಗಣಿಸಲು ಅವಕಾಶ ಇದೆ. ವರದಿ ಹೋಗಿದೆಯಾ ಅಂತ ಠಾಣೆಯಲ್ಲಿ ಕೇಳಿ, ಪ್ರತಿ ಪಡೆಯಿರಿ. ಆದರೂ ಸ್ವಂತ ಅರ್ಜಿ ಹಾಕುವುದು ಕ್ಷೇಮ.

ಲೆಕ್ಕ ಹೇಗೆ?

ಪರಿಹಾರದ ಮೊತ್ತ ನ್ಯಾಯಾಧೀಶರ ಮನಸ್ಸಿಗೆ ಬಂದಷ್ಟಲ್ಲ. ಸರಳಾ ವರ್ಮಾ (2009) ಮತ್ತು ಪ್ರಣಯ್ ಸೇಥಿ (2017) ಎಂಬ ಎರಡು ಸುಪ್ರೀಂ ಕೋರ್ಟ್ ತೀರ್ಪುಗಳು ಸೂತ್ರ ಕೊಟ್ಟಿವೆ. ಒಂದು ಉದಾಹರಣೆ ನೋಡಿ. 32 ವರ್ಷದ ಮೆಕ್ಯಾನಿಕ್, ಸ್ವಂತ ಗ್ಯಾರೇಜ್, ತಿಂಗಳಿಗೆ 20,000 ರೂ. ಆದಾಯ. ಪತ್ನಿ, ಇಬ್ಬರು ಮಕ್ಕಳು, ಉಮ್ಮ ಅವನನ್ನೇ ಅವಲಂಬಿಸಿದವರು. ಸ್ವಂತ ಉದ್ಯೋಗದ, 40 ವರ್ಷದೊಳಗಿನವನಾದ್ದರಿಂದ ಮುಂದೆ ಹೆಚ್ಚಬಹುದಾಗಿದ್ದ ಆದಾಯವೆಂದು ಶೇ. 40 ಸೇರಿಸುತ್ತಾರೆ: 28,000. ಅವಲಂಬಿತರು ನಾಲ್ವರಿಂದ ಆರು ಮಂದಿ ಇದ್ದರೆ ಅವನ ಸ್ವಂತ ಖರ್ಚೆಂದು ನಾಲ್ಕನೇ ಒಂದು ಭಾಗ ಕಳೆಯುತ್ತಾರೆ: 21,000. ವರ್ಷಕ್ಕೆ 2,52,000. 31ರಿಂದ 35 ವಯಸ್ಸಿಗೆ ಗುಣಕ 16. ಒಟ್ಟು 40,32,000 ರೂ. ಇದರ ಮೇಲೆ ಸಾಂಗತ್ಯ ನಷ್ಟಕ್ಕೆ 40,000, ಅಂತ್ಯಕ್ರಿಯೆಗೆ 15,000, ಆಸ್ತಿ ನಷ್ಟಕ್ಕೆ 15,000. ಈ ಮೂರೂ ಮೂರು ವರ್ಷಕ್ಕೊಮ್ಮೆ ಶೇ. 10 ಹೆಚ್ಚಬೇಕು. ಸಾಂಗತ್ಯದ ಹಣ ಪತ್ನಿಗೆ ಮಾತ್ರ ಅಲ್ಲ, ಮಕ್ಕಳಿಗೂ ತಂದೆತಾಯಿಗೂ ಇದೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎರಡು ಲಕ್ಷಕ್ಕೆ ರಾಜಿ ಮಾಡಿಸುವ ಹಿರಿಯರು ಈ ನಲವತ್ತು ಲಕ್ಷವನ್ನು ನೆನಪಿಟ್ಟುಕೊಳ್ಳಲಿ.

ಇಲ್ಲಿ ಸೋಲುವುದು ಆದಾಯದ ದಾಖಲೆಯಲ್ಲಿ. ಮೀನು ವ್ಯಾಪಾರ, ಗುಜರಿ, ಗೂಡಂಗಡಿ ನಡೆಸುವವರ ಆದಾಯ ಬ್ಯಾಂಕಿನಲ್ಲಿ ಕಾಣುವುದಿಲ್ಲ. ಕಾಣದಿದ್ದರೆ ಕೋರ್ಟ್ ಕೂಲಿಯ ಲೆಕ್ಕದಲ್ಲಿ ಅಂದಾಜು ಮಾಡುತ್ತದೆ. ಅಂಗಡಿ ಲೈಸೆನ್ಸ್, ಸಾಲದ ಕಂತು, ಯುಪಿಐ ವಿವರ, ಚಿಟ್ ಫಂಡ್ ಪುಸ್ತಕ, ಏನಿದ್ದರೂ ತೆಗೆದಿಡಿ. ರಜೆಯಲ್ಲಿ ಊರಿಗೆ ಬಂದು ತೀರಿಕೊಂಡ ಗಲ್ಫ್ ಉದ್ಯೋಗಿಯ ಸಂಬಳವನ್ನೂ ಕೋರ್ಟ್‌ಗಳು ಪರಿಗಣಿಸುತ್ತವೆ. ಕೆಲಸದ ಕರಾರು, ಸಂಬಳ ಪತ್ರ, ಮನೆಗೆ ಹಣ ಕಳುಹಿಸಿದ ದಾಖಲೆ ಬೇಕು. ಮನೆಯಾಕೆ ತೀರಿಕೊಂಡರೆ ‘ಆದಾಯ ಇರಲಿಲ್ಲ’ ಎಂದು ಸುಮ್ಮನಾಗಬೇಡಿ. ಮನೆಗೆಲಸಕ್ಕೂ ಬೆಲೆ ಕಟ್ಟಬೇಕು ಎಂದು 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ.

ತಪ್ಪು ಯಾರದ್ದೆಂದು ಸಾಬೀತು ಮಾಡದೆಯೇ 5 ಲಕ್ಷ ಪಡೆಯುವ ದಾರಿ ಸೆಕ್ಷನ್ 164ರಲ್ಲಿದೆ. ಆದರೆ ಅದನ್ನು ಒಪ್ಪಿ ಪಡೆದರೆ ದೊಡ್ಡ ಅರ್ಜಿ ಅಲ್ಲಿಗೆ ಮುಗಿಯಿತು. ಡಿಕ್ಕಿ ಹೊಡೆದ ವಾಹನ ಯಾವುದೆಂದೇ ಗೊತ್ತಾಗದಿದ್ದರೆ 2 ಲಕ್ಷ ಸರಕಾರಿ ಯೋಜನೆಯಿಂದ ಸಿಗುತ್ತದೆ. ಅದರ ಅರ್ಜಿ ಕೋರ್ಟಿಗಲ್ಲ, ಕಂದಾಯ ಅಧಿಕಾರಿಗಳಿಗೆ.

ಬೈಕ್ ಓಡಿಸುವ ಯುವಕರು ಗಮನಿಸಿ

ಬೈಕ್ ತಾನಾಗಿ ಸ್ಕಿಡ್ ಆಗಿ ಸವಾರ ಮಾಲಕ ಸತ್ತರೆ ಥರ್ಡ್ ಪಾರ್ಟಿ ಪಾಲಿಸಿಯಿಂದ ಅವನ ಮನೆಯವರಿಗೆ ಏನೂ ಸಿಗುವುದಿಲ್ಲ. ಸಿಗುವುದು 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇದ್ದರೆ ಮಾತ್ರ, ಅದೂ ಲೈಸೆನ್ಸ್ ಇದ್ದರೆ. ಹಿಂಬದಿ ಕೂತವನಿಗೆ ಬರೀ ಥರ್ಡ್ ಪಾರ್ಟಿ ಪಾಲಿಸಿ ಅನ್ವಯಿಸುವುದಿಲ್ಲ ಎಂದು 2006ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಸ್ನೇಹಿತನ ಉಮ್ಮನ ಕೈ ಖಾಲಿ ಮಾಡಬೇಡಿ.

ವಕೀಲರು, ದಲ್ಲಾಳಿಗಳು

ಆಸ್ಪತ್ರೆಯ ಬಳಿಯೇ ‘ಕೇಸು ನಾವು ನೋಡ್ಕೊಳ್ತೇವೆ, ಬಂದದ್ದರಲ್ಲಿ ಇಷ್ಟು ಪರ್ಸೆಂಟ್ ಕೊಟ್ಟರೆ ಸಾಕು’ ಎನ್ನುವವರು ಬರುತ್ತಾರೆ. ಪರಿಹಾರದಲ್ಲಿ ಪಾಲು ಕೇಳುವುದು ಬಾರ್ ಕೌನ್ಸಿಲ್ ನಿಯಮಕ್ಕೆ ವಿರುದ್ಧ. ಖಾಲಿ ಕಾಗದಕ್ಕೆ, ಖಾಲಿ ಚೆಕ್ಕಿಗೆ ಸಹಿ ಹಾಕಲೇಬೇಡಿ. ಮಹಿಳೆಯರು ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ಸೇವೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಸಿಗುತ್ತದೆ. ಸಹಾಯವಾಣಿ 15100. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಹಣ ಬೇಗ ಬರುತ್ತದೆ, ಆದರೆ ಆಮೇಲೆ ಮೇಲ್ಮನವಿ ಇಲ್ಲ. ನ್ಯಾಯಮಂಡಳಿಯ ತೀರ್ಪು ಒಪ್ಪಿಗೆಯಾಗದಿದ್ದರೆ 90 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು.

ಮಕ್ಕಳ ಪಾಲನ್ನು ಸಾಮಾನ್ಯವಾಗಿ 18 ತುಂಬುವ ತನಕ ಬ್ಯಾಂಕಿನಲ್ಲಿ ಠೇವಣಿ ಇಡುತ್ತಾರೆ. ಇದು ಒಳ್ಳೆಯ ಏರ್ಪಾಟು, ಮನೆಯ ಗಂಡಸರು ಬೇಸರ ಮಾಡಿಕೊಳ್ಳಬೇಕಾಗಿಲ್ಲ. ನ್ಯಾಯಮಂಡಳಿ ಹಣ ಹಂಚುವುದು ಯಾರು ಎಷ್ಟು ಅವಲಂಬಿಸಿದ್ದರು ಎಂದು ನೋಡಿ, ಫರಾಇಝ್ ಪಾಲಿನಂತೆ ಅಲ್ಲ. ಬಡ್ಡಿಯ ಬಗ್ಗೆ ಸಂಶಯ ಇದ್ದವರು ಉಸ್ತಾದರಲ್ಲಿ ಕೇಳಿಕೊಳ್ಳಲಿ, ಅರ್ಜಿಯನ್ನೇ ಹಾಕದಿರಲು ಅದು ಕಾರಣ ಆಗಬಾರದು. ವಿಧವೆ ಮರುಮದುವೆಯಾದರೆ ಹಕ್ಕು ಹೋಗುತ್ತದೆ ಎಂಬುದೂ ಸರಿಯಲ್ಲ. ಬಾಂಬೆ ಹೈಕೋರ್ಟ್ 2023ರಲ್ಲಿ ವಿಮೆ ಕಂಪೆನಿಯ ಆ ವಾದವನ್ನು ತಳ್ಳಿಹಾಕಿದೆ.

ರೈಲು, ವಿಮಾನ, ಗಲ್ಫ್

ರೈಲಿನಿಂದ ಬಿದ್ದು ಸತ್ತ ಟಿಕೆಟ್ ಇದ್ದ ಪ್ರಯಾಣಿಕನ ಕುಟುಂಬಕ್ಕೆ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ನಲ್ಲಿ 8 ಲಕ್ಷ, ಒಂದು ವರ್ಷದೊಳಗೆ ಅರ್ಜಿ. ಹಳಿ ದಾಟುವಾಗ ಸತ್ತವರಿಗೆ ಇದು ಇಲ್ಲ. ಯುಎಇಯಲ್ಲಿ ಅಪಘಾತದಿಂದ ಸಾವಾದರೆ ದಿಯಾ 2 ಲಕ್ಷ ದಿರ್ಹಂ. ಊರಿನಿಂದ ದೃಢೀಕರಿಸಿದ ಪವರ್ ಆಫ್ ಅಟಾರ್ನಿ ಕಳುಹಿಸಬೇಕಾಗುತ್ತದೆ.

ವಿಮಾನದ ಪಾಠವನ್ನು ನಾವು ಹತ್ತಿರದಿಂದ ಕಲಿತವರು. 2010ರ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನಲ್ಲಿ ಪತನವಾಗಿ 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು. ಕಾಸರಗೋಡಿನ ಎಷ್ಟೋ ಮನೆಗಳು ಅದರಲ್ಲಿದ್ದವು. ಪ್ರತಿ ಕುಟುಂಬಕ್ಕೆ ಕನಿಷ್ಠ 75 ಲಕ್ಷ ಕೊಡಬೇಕೆಂದು 2011ರ ಜುಲೈಯಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ ಹೇಳಿತು, ಅದೇ ವರ್ಷ ವಿಭಾಗೀಯ ಪೀಠ ಅದನ್ನು ರದ್ದು ಮಾಡಿತು. ಎಲ್ಲರಿಗೂ ಒಂದೇ ಕನಿಷ್ಠ ಮೊತ್ತ ಇಲ್ಲ, ನಷ್ಟವನ್ನು ತೋರಿಸಿಕೊಡಬೇಕು ಎಂಬುದು ಅದರ ನಿಲುವು. ಹಲವು ಕುಟುಂಬಗಳು ಮಾತುಕತೆಯಲ್ಲಿ ಸಿಕ್ಕಿದ್ದನ್ನು ಪಡೆದು ಸಹಿ ಹಾಕಿದವು. ಕೊನೆಯ ತನಕ ಹೋರಾಡಿದ ಒಂದು ಕುಟುಂಬಕ್ಕೆ ಸುಪ್ರೀಂ ಕೋರ್ಟ್ 2020ರ ಮೇಯಲ್ಲಿ 7.64 ಕೋಟಿ ರೂ. ನಿಗದಿ ಮಾಡಿತು. ಮೃತರು ಯುಎಇಯ ಕಂಪೆನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದರು, ಎಲ್ಲರಿಗೂ ಅಷ್ಟು ಸಿಗುತ್ತಿತ್ತು ಎಂದಲ್ಲ. ಆದರೆ ಸಂಬಳದ ಯಾವ ಭಾಗವನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬ ಪ್ರಶ್ನೆಯೇ ಅಲ್ಲಿ ನಿರ್ಣಾಯಕವಾಯಿತು. ಸಂಬಳ ಪತ್ರ ಇಟ್ಟುಕೊಂಡಿದ್ದರಿಂದ ಅದು ಸಾಧ್ಯವಾಯಿತು. ಅಂತಾರಾಷ್ಟ್ರೀಯ ವಿಮಾನ ಅಪಘಾತದ ದಾವೆಗೆ ಗಡುವು ಎರಡು ವರ್ಷ.