ನುಗ್ಗೇಹಳ್ಳಿ ಕಲ್ಲಿನ ನೂರು ವರ್ಷದ ಚರ್ಚೆ

ಭೂವಿಜ್ಞಾನ ಓದುವವರಿಗೆ ನುಗ್ಗೇಹಳ್ಳಿ ಎಂದರೆ ಒಂದು ಸಾಲಿನ ಉತ್ತರ: ಸರಗೂರು ಸಮೂಹಕ್ಕೆ ಸೇರಿದ ಷಿಸ್ಟ್ (ಹಾಳೆಹಾಳೆಯಾಗಿ ಸೀಳುವ ಕಲ್ಲು) ಪಟ್ಟಿ, ಕ್ರೋಮೈಟ್ ಸಿಗುತ್ತದೆ. ಎಂ.ಎಸ್ಸಿ. ಪರೀಕ್ಷೆಗೆ ಇಷ್ಟು ಸಾಕು. ನಾನು ಆ ಊರಿರುವ ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ಸೀಮೆಯವಳು; ಮೈಸೂರಿನ ಮಾನಸಗಂಗೋತ್ರಿಯಲ್ಲಿ ಓದಿದ್ದು ಈ ಸಾಲನ್ನೇ. ಆ ಸಾಲು ಹುಟ್ಟುವ ಮೊದಲು ಸುಮಾರು ನೂರು ವರ್ಷ ವಾದ ನಡೆದಿತ್ತು. ಆ ವಾದವನ್ನೂ ವಿಶ್ವವಿದ್ಯಾಲಯದಲ್ಲಿ ಕಲಿಸಬೇಕು ಎಂಬುದು ಪಾಠ ಹೇಳಿಕೊಂಡು ಬಂದ ನನ್ನ ದೃಢವಾದ ನಂಬಿಕೆ.

ಇಲ್ಲಿಯ ಕಲ್ಲನ್ನು ಬಲ್ಲವರಲ್ಲಿ ಶಿಲ್ಪಿಗಳೇ ಹಿರಿಯರು. ಹೊಯ್ಸಳ ದೊರೆ ವೀರ ಸೋಮೇಶ್ವರನ ದಂಡನಾಯಕ ಬೊಮ್ಮಣ್ಣ 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಬೈಚೋಜನೂ ಮಲ್ಲಿತಮ್ಮನೂ ಬಳಪದ ಕಲ್ಲನ್ನು ಕಡೆದಿದ್ದಾರೆ. ಯಾವ ಕಲ್ಲಿಗೆ ಉಳಿ ಎಷ್ಟು ಆಳಕ್ಕೆ ಇಳಿಯುತ್ತದೆ, ಎಲ್ಲಿ ಚಕ್ಕೆ ಏಳುತ್ತದೆ ಎಂದು ತಿಳಿಯದವರು ಹಾರದ ಒಂದೊಂದು ಮಣಿಯನ್ನೂ ಹಾಗೆ ಬಿಡಿಸಲಾರರು. ಮೆಗ್ನೀಸಿಯಂ ಹೆಚ್ಚಿರುವ ಅಗ್ನಿಶಿಲೆ ನೆಲದೊಳಗಿನ ಶಾಖ, ಒತ್ತಡ, ನೀರಿಗೆ ಸಿಕ್ಕಿ ಮಾರ್ಪಟ್ಟಾಗ ಬಳಪದ ಕಲ್ಲಾಗುತ್ತದೆ. ನುಗ್ಗೇಹಳ್ಳಿ ಪಟ್ಟಿಯ ಬೈರಾಪುರದ ಗಣಿಯಲ್ಲಿ ಕ್ರೋಮೈಟ್ ಅದಿರು ಸಿಕ್ಕಿದ್ದೂ ಇಂಥದೇ ಕುಲದ ಶಿಲೆಗಳ ನಡುವೆ. ಸುಮಾರು 60 ಕಿಲೋಮೀಟರ್ ಉದ್ದದ ಈ ಪಟ್ಟಿಯ ಅಗಲ ಬಹಳಷ್ಟು ಕಡೆ ಎರಡು ಕಿಲೋಮೀಟರ್ ಕೂಡ ಇಲ್ಲ. ಅದರ ಎರಡೂ ಬದಿಗೆ ಇರುವುದು ನೈಸ್ ಎಂಬ ಬೂದು ಪಟ್ಟೆಕಲ್ಲು.

ಈ ಎರಡರಲ್ಲಿ ಯಾವುದು ಹಿರಿದು? ಮೈಸೂರು ಭೂವಿಜ್ಞಾನದ ದೊಡ್ಡ ಚರ್ಚೆ ಇದೇ.

1880ರ ದಶಕದಲ್ಲಿ ದಕ್ಷಿಣದ ಷಿಸ್ಟ್ ಪಟ್ಟಿಗಳಿಗೆಲ್ಲ ‘ಧಾರವಾಡ’ ಎಂಬ ಹೆಸರಿಟ್ಟವರು ರಾಬರ್ಟ್ ಬ್ರೂಸ್ ಫೂಟ್. 1894ರಲ್ಲಿ ಮೈಸೂರು ಸಂಸ್ಥಾನ ಭೂವಿಜ್ಞಾನ ಇಲಾಖೆ ತೆರೆದಾಗ ಅದರ ಮೊದಲ ಮುಖ್ಯಸ್ಥರೂ ಅವರೇ. ಅವರ ಲೆಕ್ಕದಲ್ಲಿ ನೈಸ್ ಹಳೆಯ ತಳಪಾಯ. ಧಾರವಾಡ ಶಿಲೆಗಳು ಅದರ ಮೇಲೆ ಆಮೇಲೆ ಹಾಸಿಕೊಂಡವು. ಅವರ ನಂತರ ಇಲಾಖೆಯನ್ನು ನಡೆಸಿದ ಡಬ್ಲ್ಯು. ಎಫ್. ಸ್ಮೀತ್ ಇದನ್ನು ಒಪ್ಪಲಿಲ್ಲ. ಷಿಸ್ಟುಗಳೇ ಹಿರಿಯವು, ನೈಸ್ ಆಮೇಲೆ ಅವುಗಳೊಳಗೆ ನುಗ್ಗಿದೆ ಎಂದರು. ಅಷ್ಟಕ್ಕೇ ನಿಲ್ಲದೆ, ಧಾರವಾಡ ಶಿಲೆಗಳು ಬಹುಪಾಲು ಅಗ್ನಿಶಿಲೆಗಳೇ ಎಂದೂ ವಾದಿಸಿದರು. ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ 1916ರ ಆಸುಪಾಸಿನಲ್ಲಿ ಇಲ್ಲಿ ನಡೆಯುತ್ತಿದ್ದುದು ಸ್ಮೀತ್ ಅವರ ಮಾತು.

ಅದನ್ನು ಅಲುಗಾಡಿಸಿದವರು ಇಲ್ಲಿಯವರೇ. ಬಿ. ರಾಮರಾವ್, ಸಿ. ಎಸ್. ಪಿಚ್ಚಮುತ್ತು ಮೊದಲಾದವರು ನೀರಿನಲ್ಲಿ ಪದರಗಟ್ಟಿದ ಕಲ್ಲುಗಳನ್ನು ಧಾರವಾಡ ಶಿಲೆಗಳಲ್ಲಿ ಗುರುತಿಸಿದರು. ಮೈಸೂರಿನ ಆರ್ಕಿಯನ್ ಎಂಬ ಅತಿ ಪ್ರಾಚೀನ ಯುಗದ ಶಿಲೆಗಳ ಮೇಲೆ ರಾಮರಾವ್ ಬರೆದ ದೊಡ್ಡ ವರದಿ 1940ರಲ್ಲಿ ಬಂತು.

1970ರ ದಶಕದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಜೆ. ಸ್ವಾಮಿನಾಥ್, ಎಂ. ರಾಮಕೃಷ್ಣನ್ ಮತ್ತು ಜೊತೆಗಾರರು ಷಿಸ್ಟುಗಳೆಲ್ಲ ಒಂದೇ ಕಾಲದವಲ್ಲ ಎಂದು ಬೇರ್ಪಡಿಸಿದರು. 1980ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಹೇಮಾವತಿ ದಂಡೆಯ ಗೊರೂರು ಕಡೆಯ ನೈಸ್ ಶಿಲೆಯ ವಯಸ್ಸು ಸುಮಾರು 336 ಕೋಟಿ ವರ್ಷ ಎಂದು ಪ್ರಕಟಿಸಿದರು. ಮರುವರ್ಷ ಸರ್ವೇಕ್ಷಣೆಯ ಗ್ರಂಥವೂ ಹೊರಬಂತು. ನುಗ್ಗೇಹಳ್ಳಿ, ಹೊಳೆನರಸೀಪುರದ ಪಟ್ಟಿಗಳು ಹಳೆಯ ಸರಗೂರು ಸಮೂಹಕ್ಕೆ ಸೇರಿದವು. ಬಾಬಾಬುಡನ್ ಬೆಟ್ಟದವು ಕಿರಿಯ ಧಾರವಾಡದಲ್ಲಿ ಉಳಿದವು. ಚಿಕ್ಕಮಗಳೂರಿನ ಬಳಿ ಕಾರ್ತಿಕೆರೆಯಲ್ಲಿ ಉರುಟು ಕಲ್ಲುಗಳ ಪದರ ನೈಸ್ ಮೇಲೆ ಕೂತಿದೆ. ಅಲ್ಲಿ ಫೂಟ್ ಮಾತು ನಿಲ್ಲುತ್ತದೆ. ಸರಗೂರು ಶಿಲೆಗಳ ತುಣುಕುಗಳು ನೈಸ್ ಒಳಗೆ ಸಿಕ್ಕಿಕೊಂಡಿವೆ. ಇಲ್ಲಿ ಸ್ಮೀತ್ ಮಾತಿಗೆ ಆಧಾರವಿದೆ. ಇಬ್ಬರೂ ಕಂಡದ್ದು ನಿಜ. ಒಂದೆಡೆ ಕಂಡದ್ದನ್ನು ನಾಡಿಗೆಲ್ಲ ಹಬ್ಬಿಸಿದಾಗ ಮಾತ್ರ ತಪ್ಪಿತು.

ಇದನ್ನು ತಿಳಿದ ವಿದ್ಯಾರ್ಥಿ ಬಂಡೆಯನ್ನು ನೋಡುವ ರೀತಿಯೇ ಬೇರೆ. ನನ್ನ ತರಗತಿಯವರನ್ನು ನುಗ್ಗೇಹಳ್ಳಿಗೆ ಕರೆದೊಯ್ಯುವ ಮೊದಲು ಫೂಟ್ ವಾದ ಕೆಲವರಿಗೆ, ಸ್ಮೀತ್ ವಾದ ಕೆಲವರಿಗೆ, ರಾಮರಾವ್ ವರದಿ ಉಳಿದವರಿಗೆ ಹಂಚುತ್ತೇನೆ. ಎರಡು ಶಿಲೆಗಳು ಕೂಡುವ ಅಂಚಿನಲ್ಲಿ ನಿಂತು ಅವರವರ ಪಕ್ಷವನ್ನು ಕಲ್ಲು ತೋರಿಸಿ ಸಾಧಿಸಬೇಕು. ಸುತ್ತಿಗೆ, ಭೂತಗನ್ನಡಿ ಹಿಡಿದು ಒಂದು ಗಂಟೆ ವಾದಿಸಿದ ಹುಡುಗಿ ‘ಸರಗೂರು ಸಮೂಹ’ ಎಂದು ಬರೆಯುವಾಗ ಆ ಎರಡು ಪದಗಳಿಗೆ ಪುರಾವೆ ಏನೆಂದು ಬಲ್ಲಳು.

1958ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘ ಕಟ್ಟಿದ ಬಿ. ಪಿ. ರಾಧಾಕೃಷ್ಣ ತಮ್ಮ ಹಿಂದಿನವರ ಬದುಕು, ಕೆಲಸಗಳ ಬಗ್ಗೆ ಜೀವನವಿಡೀ ಬರೆದರು. ವಿಜ್ಞಾನದ ಚರಿತ್ರೆಯನ್ನು ವಿಜ್ಞಾನಿಯೇ ಬರೆದಿಡಬೇಕು ಎಂಬುದಕ್ಕೆ ನಮ್ಮಲ್ಲೇ ಮೇಲ್ಪಂಕ್ತಿಯಿದೆ. ನಮ್ಮ ವಿಭಾಗಗಳು ಆ ಚರಿತ್ರೆಗೆ ಒಂದು ಪತ್ರಿಕೆ ಮೀಸಲಿಡಲಿ, ಅದರ ಮೊದಲ ಪಾಠ ಆಯಾ ಜಿಲ್ಲೆಯ ಬಂಡೆಯ ಮೇಲೆಯೇ ನಡೆಯಲಿ. ಹಾಸನದ ಮಕ್ಕಳಿಗೆ ಅದಕ್ಕಾಗಿ ದೂರ ಹೋಗಬೇಕಾಗಿಲ್ಲ.